ಬೇಲಿ ದಾಟಿ ಹೊಲದೊಳಗೆ ನಡೆಯಬಹುದಾ? ನ್ಯೂಬರಿಯಿಂದ ಬಂದ ಪ್ರಶ್ನೆ

ಪ್ರಶ್ನೆ: ಇಂಗ್ಲೆಂಡಿನ ನ್ಯೂಬರಿಗೆ ಬಂದು ಕೆಲವು ತಿಂಗಳಾಯ್ತು. ನನ್ನ ಗಂಡನಿಗೆ ಇಲ್ಲಿನ ಟೆಲಿಕಾಂ ಕಂಪನಿಯಲ್ಲಿ ಕೆಲಸ. ಮಕ್ಕಳಿಗೆ 7 ಮತ್ತು 11 ವರ್ಷ. ಬೇಸಿಗೆ ಕಳೆಯಲು ಅತ್ತೆ-ಮಾವ ಸಾಗರದಿಂದ ಬಂದಿದ್ದಾರೆ. ಊರಿನ ಸುತ್ತ ಎಲ್ಲಿ ನೋಡಿದರೂ ಹಸಿರು. ಆದರೆ ನಾವು ಶನಿವಾರ-ಭಾನುವಾರ ಸೂಪರ್ ಮಾರ್ಕೆಟ್ಟಿಗೇ ಹೋಗುತ್ತಿದ್ದೇವೆ! ಯಾವುದು ಯಾರ ಜಾಗ ಅನ್ನೋದೇ ಗೊತ್ತಾಗಲ್ಲ. ಹೊಲದ ನಡುವೆ ಬಾಣದ ಗುರುತಿನ ದಾರಿ ಇದೆ. ಪಕ್ಕದ ಮನೆಯವರು ಆರಾಮಾಗಿ ಹೋಗಿ ಅಂತಾರೆ, ನನ್ನ ಗಂಡ ಪೊಲೀಸ್ ಕೇಸಾಗುತ್ತೆ ಅಂತಾರೆ. ಗ್ರೀನಮ್ ಕಾಮನ್‌ನಲ್ಲಿ ಅಣುಬಾಂಬ್ ಇತ್ತಂತೆ, ಮಣ್ಣಲ್ಲಿ ವಿಕಿರಣ ಇದೆಯಂತೆ, ಹಾವೂ ಇವೆಯಂತೆ. ಉಣುಗು ಕಚ್ಚಿದರೆ ಕಾಯಿಲೆ ಬರುತ್ತೆ ಅಂತ ಕೇಳಿ ಮಾವ ಹುಲ್ಲಿಗೆ ಕಾಲಿಡಲ್ಲ. ಆದರೆ ದನ ಕಂಡರೆ ಮಾತ್ರ ಬೇಲಿ ಹತ್ತಿರ ಓಡುತ್ತಾರೆ. ಮಕ್ಕಳು ಪಾರ್ಕಿನ ನುಣುಪಾದ ಹುಲ್ಲಿನ ಮೇಲೆ ಕ್ರಿಕೆಟ್ ಶುರು ಮಾಡಿದಾಗ ಒಬ್ಬರು ವಯಸ್ಸಾದವರು ಬೈದರು. ಅತ್ತೆ ಬೆಳಿಗ್ಗೆ ಪೂಜೆಗೆ ಹೂ ಕೀಳುತ್ತಾರೆ, ನನಗೆ ಭಯ. ನಾವು ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಹತ್ತು ಭಯಗಳಿದ್ದರೂ ಬೇರು ಒಂದೇ. "ಜಾಗ ಯಾರದು" ಅನ್ನೋದು ಗೊತ್ತಾಗದೆ ಹೆಜ್ಜೆ ಇಡೋದು ಹೇಗೆ ಅಂತ ಕೇಳುತ್ತಿದ್ದೀರಿ. ಇಂಗ್ಲೆಂಡಿನಲ್ಲಿ ಆ ಪ್ರಶ್ನೆಯೇ ಅಷ್ಟು ಮುಖ್ಯವಲ್ಲ. ಇಲ್ಲಿ ಜಾಗ ಯಾರದು ಅನ್ನೋದು ಒಂದು ವಿಷಯ, ಅಲ್ಲಿ ಯಾರು ನಡೆಯಬಹುದು ಅನ್ನೋದು ಇನ್ನೊಂದು. ಹೊಲ ರೈತನದೇ, ಪಹಣಿ ಅವನ ಹೆಸರಲ್ಲೇ ಅಂತಿಟ್ಟುಕೊಳ್ಳಿ. ಆದರೂ ಅದರ ನಡುವಿನ ದಾರಿಯಲ್ಲಿ ನಡೆಯುವ ಹಕ್ಕು ನಿಮ್ಮದು. ಹೊಲ ಮಾರಿದರೂ ಆ ಹಕ್ಕು ಹೋಗಲ್ಲ. ನಾನು ಇಲ್ಲಿನ ಸ್ಥಳೀಯ ಸಂಸ್ಥೆಗಳ ಜತೆ ಹಸಿರು ಜಾಗಗಳ ಯೋಜನೆ ಮಾಡುವವನು. ನಮ್ಮ ಕಡೆಯಿಂದ ಬಂದ ಕುಟುಂಬಗಳು ಹೆಚ್ಚಾಗಿ ಎಡವುವುದು ಇಲ್ಲೇ. ಗೇಟು ಕಂಡರೆ ವಾಪಸ್ ಬರುತ್ತಾರೆ.

ಬಾಣದ ಗುರುತಿನಿಂದಲೇ ಶುರು ಮಾಡೋಣ. ಹಳದಿ ಬಾಣ ಅಂದರೆ ಸಾರ್ವಜನಿಕ ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣ ಅಂದರೆ ಬ್ರೈಡಲ್‌ವೇ. ಅದರಲ್ಲಿ ನಡೆಯಬಹುದು, ಕುದುರೆ ಸವಾರಿ ಮಾಡಬಹುದು, ಸೈಕಲ್ಲೂ ಹೊಡೆಯಬಹುದು. 1949ರ ಒಂದು ಕಾಯ್ದೆಯಡಿ ಪ್ರತಿ ಕೌಂಟಿಯೂ ಇಂಥ ದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯಿತು. ನಿಮ್ಮ ಊರಿನದು ಈಗ ವೆಸ್ಟ್ ಬರ್ಕ್‌ಶೈರ್ ಕೌನ್ಸಿಲ್ ಬಳಿ ಇದೆ. ಕೈಯಲ್ಲಿ ಹಿಡಿಯಲು ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 158ನೇ ನಕ್ಷೆ ಕೊಳ್ಳಿ. ನ್ಯೂಬರಿ ಮತ್ತು ಹಂಗರ್‌ಫರ್ಡ್ ಎರಡೂ ಅದರಲ್ಲಿವೆ. ಹಸಿರು ಗೀಟುಗಳೆಲ್ಲ ನಿಮ್ಮ ದಾರಿಗಳು. ಫೋನಿನ ಸಾಮಾನ್ಯ ನಕ್ಷೆಯಲ್ಲಿ ಇವು ಅರ್ಧಕ್ಕರ್ಧ ಕಾಣೋದೇ ಇಲ್ಲ. ಹೊಸಬರು ಸೂಪರ್ ಮಾರ್ಕೆಟ್ಟಿನಲ್ಲೇ ಉಳಿಯೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ಪೊಲೀಸ್ ಕೇಸಿನ ಮಾತು. ದಾರಿ ತಪ್ಪಿ ಹೊಲದೊಳಗೆ ನಾಲ್ಕು ಹೆಜ್ಜೆ ಹೋದರೆ ಅದು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅಪರಾಧವಲ್ಲ, ಸಿವಿಲ್ ವಿಷಯ. ಮಾಲೀಕ ಬಂದು ಹೊರಗೆ ಹೋಗಿ ಅಂದರೆ ಸಾರಿ ಅಂದು ಹತ್ತಿರದ ದಾರಿಗೆ ಮರಳಿದರಾಯಿತು. "ಒಳಗೆ ಬಂದರೆ ಮೊಕದ್ದಮೆ" ಅನ್ನುವ ಬೋರ್ಡುಗಳಲ್ಲಿ ಬಹಳಷ್ಟು ಸುಮ್ನೆ ಹೆದರಿಸೋಕೆ ಹಾಕಿರುವಂಥವು. ಆದರೆ ರೈಲು ಹಳಿ ಮಾತ್ರ ಬೇರೆ. ಅಲ್ಲಿ ಕಾಲಿಟ್ಟರೆ ನಿಜವಾಗಿಯೂ ಅಪರಾಧ. ಸೇನೆಯ ಕೆಲವು ಜಾಗಗಳೂ ಹಾಗೆಯೇ. ಬೆಳೆ ತುಳಿದು ಹಾಳು ಮಾಡಿದರೂ ತೊಂದರೆ ಬೇರೆ.

ಪಕ್ಕದ ಮನೆಯವರ ಮಾತನ್ನೂ ಪೂರ್ತಿ ನಂಬಬೇಡಿ. ಬ್ರಿಟನ್ನಿನಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು ಅಂತ ಕೆಲವರು ಹೇಳುತ್ತಾರೆ. ಅದು ಸ್ಕಾಟ್ಲೆಂಡಿನ ಮಾತು, ಅಲ್ಲಿ 2003ರ ಕಾನೂನು ಅಷ್ಟು ಉದಾರವಾಗಿದೆ. ಇಂಗ್ಲೆಂಡಿನಲ್ಲಿ ದಾರಿ ಬಿಟ್ಟು ಅಡ್ಡಾಡುವ ಹಕ್ಕು ಇರೋದು ಬೆಟ್ಟ, ಬಯಲು, ಹೀತ್ (ಕುರುಚಲು ಪೊದೆಗಳ ಬಯಲು) ಮತ್ತು ಕಾಮನ್ ಅಂತ ನೋಂದಾಯಿಸಿದ ಹಳೇ ಮೇವಿನ ಬಯಲುಗಳಲ್ಲಿ. 2000ದ ಕಾಯ್ದೆಯಿಂದ ಬಂದ ಹಕ್ಕು ಅದು. ಒಟ್ಟು ನೆಲದ ಸುಮಾರು 8% ಅಷ್ಟೇ. ಅದೂ ಸುಲಭವಾಗಿ ಸಿಕ್ಕಿದ್ದಲ್ಲ. 1932ರಲ್ಲಿ ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಕಾರ್ಮಿಕ ಯುವಕರು ಬೇಕೆಂದೇ ನುಗ್ಗಿದರು, ಐವರು ಜೈಲಿಗೆ ಹೋದರು. ಇವತ್ತು ನೀವು ಭಾನುವಾರ ನಡೆಯುವ ಹಕ್ಕಿನ ಹಿಂದೆ ಅಂಥ ಜಗಳಗಳಿವೆ.

ಈಗ ದನ. ಇದರಲ್ಲಿ ನನಗೆ ನಿಮ್ಮ ಮಕ್ಕಳಿಗಿಂತ ಮಾವನದೇ ಜಾಸ್ತಿ ಚಿಂತೆ! ಮಲೆನಾಡಿನಲ್ಲಿ ಕೊಟ್ಟಿಗೆ ದನದ ಜತೆ ಬೆಳೆದವರಿಗೆ ದನ ಅಂದರೆ ಮೈ ಸವರುವ ಪ್ರಾಣಿ. ಇಲ್ಲಿ ಹೊಲದಲ್ಲಿ ಮೇಯುವ ಮಾಂಸದ ತಳಿಗಳಿಗೆ ಮನುಷ್ಯನ ಕೈ ರೂಢಿಯೇ ಇರಲ್ಲ. ಕರು ಹಾಕಿದ ಹಸು ಬಹಳ ಅಪಾಯಕಾರಿ. ಪ್ರತಿ ವರ್ಷ ಬ್ರಿಟನ್ನಿನಲ್ಲಿ ದನಗಳ ತುಳಿತಕ್ಕೆ ಜನ ಸಾಯುತ್ತಾರೆ, ನಡೆಯಲು ಹೋದವರೂ ಅದರಲ್ಲಿ ಸೇರಿದ್ದಾರೆ. ಹಾಲಿನ ತಳಿಯ 10 ತಿಂಗಳು ದಾಟಿದ ಹೋರಿಯನ್ನು ಕಾಲುದಾರಿ ಇರುವ ಹೊಲದಲ್ಲಿ ಬಿಡುವಂತಿಲ್ಲ ಅಂತ 1981ರ ಕಾನೂನು ಹೇಳುತ್ತೆ. ಮಾಂಸದ ತಳಿಯ ಹೋರಿ ಹಸುಗಳ ಜತೆಯಲ್ಲಿದ್ದರೆ ಮಾತ್ರ ಬಿಡಬಹುದು. ಆದ್ದರಿಂದ ಹೋರಿ ಕಂಡರೆ ಆಶ್ಚರ್ಯ ಬೇಡ. ಹಿಂಡಿನಿಂದ ದೂರ ಸುತ್ತಿ ಹೋಗಿ. ಅದಕ್ಕಾಗಿ ದಾರಿ ಸ್ವಲ್ಪ ಬಿಟ್ಟರೆ ಯಾರೂ ಬೈಯಲ್ಲ. ತಾಯಿ-ಕರುವಿನ ನಡುವೆ ಹೋಗಬೇಡಿ, ಓಡಬೇಡಿ. ಕರುಗಳು ಕುತೂಹಲಕ್ಕೆ ಹಿಂದೆ ಬರುತ್ತವೆ. ನಿಂತು ತಿರುಗಿ ನೋಡಿದರೆ ಸಾಮಾನ್ಯವಾಗಿ ಅವೂ ನಿಲ್ಲುತ್ತವೆ. ಮಾವನಿಗೆ ಹೇಳಿ, ದನ ಸವರೋ ಆಸೆ ಸಾಗರಕ್ಕೆ ವಾಪಸ್ ಹೋದ ಮೇಲೆ.

ಬೇಲಿಯಲ್ಲಿ ಸ್ಟೈಲ್ ಅನ್ನುವ ತಡಮೆ ಇರುತ್ತೆ. ಮಂಡಿನೋವಿನವರಿಗೆ ಅದು ಹತ್ತೋದು ಕಷ್ಟ. ಅತ್ತೆ ಸೀರೆ ಉಟ್ಟಿದ್ದರಂತೂ ಇನ್ನೂ ಕಷ್ಟ. ತೆರೆದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿ. ಹೊಲ ಉತ್ತು ದಾರಿಯೇ ಮಾಯವಾಗಿದ್ದರೆ ಗಾಬರಿ ಬೇಡ. ಬಿತ್ತನೆಗೆ ಮೊದಲ ಸಲ ಉತ್ತ 14 ದಿನದೊಳಗೆ ರೈತ ದಾರಿಯನ್ನು ಮತ್ತೆ ಮಾಡಿಕೊಡಬೇಕು, ಹೊಲದ ನಡುವಿನ ಕಾಲುದಾರಿ ಕನಿಷ್ಠ 1 ಮೀಟರ್ ಅಗಲ ಇರಬೇಕು. ಮಾಡದಿದ್ದರೆ ಕೌನ್ಸಿಲ್ಲಿಗೆ ಬರೆಯಿರಿ. ರೈತನ ಜತೆ ವಾದಕ್ಕೆ ನಿಲ್ಲಬೇಡಿ.

ಇನ್ನು ಗ್ರೀನಮ್ ಕಾಮನ್. ನ್ಯೂಬರಿಯಲ್ಲಿ ಒಂದೇ ಜಾಗ ನೋಡಲು ಸಮಯ ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಕಾಮನ್ ಅಂದರೆ ನಮ್ಮ ಗೋಮಾಳದ ಹಾಗೆ ಅಂದುಕೊಳ್ಳಿ. ಆದರೆ ಒಂದು ವ್ಯತ್ಯಾಸ ಇದೆ. ಗೋಮಾಳ ಸರ್ಕಾರದ ಜಾಗ. ಕಾಮನ್‌ಗೆ ಒಬ್ಬ ಮಾಲೀಕ ಇರುತ್ತಾನೆ, ಮೇಯಿಸುವ ಹಕ್ಕು ಸುತ್ತಲಿನ ಕೆಲವು ಮನೆಗಳಿಗಿರುತ್ತೆ. ಆ ಹಳೇ ಮೇವಿನ ಹಕ್ಕೇ ಇಲ್ಲಿ ಸೇನೆಯ ವಿರುದ್ಧ ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಈ ಬಯಲು ವಿಮಾನ ನೆಲೆ ಆಯಿತು. ಆಮೇಲೆ ಅಮೆರಿಕದ ವಾಯುಪಡೆ ಬಂತು, ಸುಮಾರು 3 ಕಿಲೋಮೀಟರ್ ರನ್‌ವೇ ಬಂತು. 1983ರಲ್ಲಿ ಅಣು ಸಿಡಿತಲೆಯ ಕ್ರೂಸ್ ಕ್ಷಿಪಣಿಗಳು ಬಂದವು, ಒಟ್ಟು 96. ಅದಕ್ಕೂ ಮೊದಲೇ, 1981ರಲ್ಲಿ, ವೇಲ್ಸಿನ ಕಾರ್ಡಿಫ್‌ನಿಂದ ನಡೆದು ಬಂದ ಹೆಂಗಸರು ಬೇಲಿಯ ಹೊರಗೆ ಬಿಡಾರ ಹೂಡಿದ್ದರು. 1982ರ ಡಿಸೆಂಬರಿನಲ್ಲಿ ಸುಮಾರು 30,000 ಹೆಂಗಸರು ಕೈ ಕೈ ಹಿಡಿದು ನೆಲೆಯನ್ನೇ ಸುತ್ತುವರಿದರು. ಒಳಗೆ ನುಗ್ಗಿದವರ ಮೇಲೆ ಸೇನೆಯ ಬೈಲಾ ಪ್ರಕಾರ ಕೇಸು ಹಾಕಲಾಯಿತು. 1990ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ಬೈಲಾಗಳೇ ಸಿಂಧುವಲ್ಲ ಅಂದಿತು. ಕಾರಣ ಕೇಳಿದರೆ ನಿಮ್ಮ ಮಾವನಿಗೆ ಖುಷಿಯಾಗುತ್ತೆ. ಕಾಮನ್‌ನಲ್ಲಿ ಮೇಯಿಸುವವರ ಹಕ್ಕಿಗೆ ಧಕ್ಕೆ ಬರುವಂಥ ಬೈಲಾ ಮಾಡುವ ಅಧಿಕಾರವೇ ಸರ್ಕಾರಕ್ಕೆ ಇರಲಿಲ್ಲ!

ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ 1987ರ ಕ್ಷಿಪಣಿ ಒಪ್ಪಂದದ ನಂತರ ಕ್ಷಿಪಣಿಗಳು ಒಂದೊಂದಾಗಿ ಹೊರಟವು, ಕೊನೆಯವು 1991ರಲ್ಲಿ. 2000ದಲ್ಲಿ ಬಯಲು ಮತ್ತೆ ಜನರಿಗೆ ತೆರೆಯಿತು. ಕ್ಷಿಪಣಿ ಇಟ್ಟಿದ್ದ, ಹುಲ್ಲು ಮುಚ್ಚಿದ ಗುಡ್ಡಗಳು ಬೇಲಿಯಾಚೆ ಈಗಲೂ ಕಾಣುತ್ತವೆ. ಅದರೊಳಗೆ ಹೋಗುವಂತಿಲ್ಲ. ಹಳೇ ಕಂಟ್ರೋಲ್ ಟವರ್ ಅನ್ನು ನೋಡಲು ಜನ ಬರುತ್ತಾರೆ. ಟೀ ಸಿಗುವ ಹೊತ್ತು ನೋಡಿಕೊಂಡು ಹೋಗಿ.

ವಿಕಿರಣದ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1958ರಲ್ಲಿ ನೆಲೆಯಲ್ಲಿ ವಿಮಾನಕ್ಕೆ ದೊಡ್ಡ ಬೆಂಕಿ ಬಿದ್ದಿತ್ತು. ಸುತ್ತಲಿನ ಗಿಡಗಳಲ್ಲಿ ಯುರೇನಿಯಂ ಅಂಶ ಸಿಕ್ಕಿದೆ, ಅದು ಆ ಅಪಘಾತದ್ದೇ ಇರಬಹುದು ಅಂತ 1961ರಲ್ಲಿ ಅಣ್ವಸ್ತ್ರ ಕೇಂದ್ರದ ವಿಜ್ಞಾನಿಗಳು ಗುಟ್ಟಾಗಿ ವರದಿ ಬರೆದಿದ್ದರು. 1996ರಲ್ಲಿ ಅದು ಹೊರಬಂದಾಗ ಊರು ಬೆಚ್ಚಿತು. ಸ್ಥಳೀಯ ಕೌನ್ಸಿಲ್‌ಗಳು ಸೌತಾಂಪ್ಟನ್ ವಿಶ್ವವಿದ್ಯಾಲಯದವರಿಂದ ಸುತ್ತಲಿನ ಮಣ್ಣು, ಗಿಡ ಎಲ್ಲ ಪರೀಕ್ಷೆ ಮಾಡಿಸಿದವು. 1997ರಲ್ಲಿ ಬಂದ ಫಲಿತಾಂಶ: ಗ್ರೀನಮ್‌ನಲ್ಲಿ ಅಣ್ವಸ್ತ್ರ ಅಪಘಾತ ಆದ ಕುರುಹು ಇಲ್ಲ. ಹೀಗಾಗಿ ಮಕ್ಕಳು ಅಲ್ಲಿ ಆಡುವುದಕ್ಕೆ ನನ್ನ ತಕರಾರಿಲ್ಲ.

ಹಾವು ಇರೋದು ನಿಜ. ಆ್ಯಡರ್ ಅಂತ, ನಮ್ಮ ಕೊಳಕುಮಂಡಲದ ಕುಟುಂಬದ್ದೇ. ಆದರೆ ಗುಣ ಬೇರೆ. ಹೆಜ್ಜೆ ಸಪ್ಪಳಕ್ಕೇ ಸರಿದು ಹೋಗುತ್ತೆ. ಬ್ರಿಟನ್ನಿನಲ್ಲಿ ಇದರ ಕಡಿತದಿಂದ ಕೊನೆಯ ಸಾವು ಆಗಿದ್ದು 1975ರಲ್ಲಿ. ಬಿಸಿಲು ಬಿದ್ದ ದಿನ ಪೊದೆಯಂಚಿನಲ್ಲಿ ಸುತ್ತಿಕೊಂಡು ಮಲಗಿರುತ್ತೆ, ಬೆನ್ನ ಮೇಲೆ ಅಂಕುಡೊಂಕು ಪಟ್ಟಿ. ದಾರಿಯ ಮೇಲೆ ನಡೆಯಿರಿ, ಬೂಟು ಹಾಕಿ, ಮುಟ್ಟಬೇಡಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ರಕ್ತ ಹೀರಬೇಡಿ. ಆ ಭಾಗ ಅಲುಗಾಡದಂತೆ ಇಟ್ಟು 999ಕ್ಕೆ ಕರೆ ಮಾಡಿ.

ಉಣುಗಿನ ವಿಷಯಕ್ಕೆ ಸಾಗರದವರು ಹೆದರೋದು ನನಗೆ ಅರ್ಥವಾಗುತ್ತೆ. ಪಕ್ಕದ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತೆ, ಜೀವ ತೆಗೆಯುತ್ತೆ. ಆ ಕಾಯಿಲೆ ಇಲ್ಲಿಲ್ಲ. ಇಲ್ಲಿರೋದು ಲೈಮ್ ಕಾಯಿಲೆ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಬೇಗ ಗೊತ್ತಾದರೆ ಆ್ಯಂಟಿಬಯೋಟಿಕ್ ಮಾತ್ರೆಯಲ್ಲಿ ವಾಸಿಯಾಗುತ್ತೆ. ಎಲ್ಲ ಉಣುಗುಗಳಲ್ಲೂ ಆ ಸೋಂಕು ಇರಲ್ಲ. ಉದ್ದ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಮೇಲೆ ಮಂಡಿ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳ ತಲೆಗೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ಅಂಟಿದ ಕಡೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಅಂತ ಮಾವ ಖಂಡಿತ ಹೇಳುತ್ತಾರೆ, ಯಾವುದೂ ಬೇಡ. ಆಮೇಲೆ ಒಂದು ತಿಂಗಳು ಆ ಜಾಗದ ಮೇಲೆ ಕಣ್ಣಿಡಿ. ವೃತ್ತದಂತೆ ಹರಡುವ ಕಲೆ ಬಂದರೆ, ಜ್ವರದ ಹಾಗಾದರೆ ಜಿಪಿ (ನಿಮ್ಮ ಹೆಸರು ನೋಂದಾಯಿಸಿದ ಸ್ಥಳೀಯ ವೈದ್ಯರು) ಹತ್ತಿರ ಹೋಗಿ. ಪುಸ್ತಕದ ಚಿತ್ರಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಉಂಗುರ ಇರುತ್ತೆ. ನಮ್ಮ ಬಣ್ಣದ ಮೇಲೆ ಅದು ಕಂದು ಅಥವಾ ನೇರಳೆಯಾಗಿ, ಮಸುಕಾಗಿ ಕಾಣಬಹುದು. ಆದ್ದರಿಂದ ಉಣುಗು ಕಚ್ಚಿತ್ತು ಅಂತ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಕಾಮನ್‌ನಲ್ಲಿ ಮಾರ್ಚ್‌ನಿಂದ ಜುಲೈವರೆಗೆ ದಾರಿ ಬಿಟ್ಟು ಹೋಗದಿರೋದು ಒಳ್ಳೆಯದು. ನಮ್ಮ ಟಿಟ್ಟಿಭದ ಸಂಬಂಧಿ ಲ್ಯಾಪ್‌ವಿಂಗ್, ನತ್ತಿಂಗದ ಸಂಬಂಧಿ ನೈಟ್‌ಜಾರ್ ಎರಡೂ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಪುಳಿಯೋಗರೆ ಡಬ್ಬಿ ಎಷ್ಟು ಬೇಕಾದರೂ ಒಯ್ಯಿರಿ, ಬಾರ್ಬೆಕ್ಯೂ ಬೇಡ. ಒಣಗಿದ ಹೀತ್‌ಗೆ ಒಂದು ಕಿಡಿ ಸಾಕು. ಅಲ್ಲಿ ದನಗಳು ರಸ್ತೆಗೂ ಬರುತ್ತವೆ, ಕಾರು ನಿಧಾನ ಓಡಿಸಿ.

ಬಿಚ್ಚಿಬಿಟ್ಟ ನಾಯಿಗಳಿಗೂ ಹೆದರುತ್ತೀರಿ ಅಂದುಕೊಂಡಿದ್ದೇನೆ, ನಮ್ಮವರು ಬಹುತೇಕ ಹೆದರುತ್ತಾರೆ. "ನನ್ನ ಮಗುವಿಗೆ ಭಯ, ದಯವಿಟ್ಟು ನಾಯಿ ಹಿಡಿದುಕೊಳ್ಳಿ" ಅಂತ ದೂರದಿಂದಲೇ ಹೇಳಿ. ಸಂಕೋಚ ಬೇಡ. ಮಾಲೀಕರು ಸಾಮಾನ್ಯವಾಗಿ ಹಿಡಿದುಕೊಳ್ಳುತ್ತಾರೆ.

ಅತ್ತೆ-ಮಾವನಿಗೆ ತಡಮೆ, ಕೆಸರು, ದನ ಯಾವುದೂ ಅಷ್ಟಾಗಿ ಇಲ್ಲದ ದಾರಿ ಬೇಕಿದ್ದರೆ ಕಾಲುವೆ ದಂಡೆ. ಕೆನೆಟ್ ಅಂಡ್ ಏವನ್ ಕಾಲುವೆ ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ 87 ಮೈಲಿ. 1810ರಲ್ಲಿ ಮುಗಿದು, ರೈಲು ಬಂದ ಮೇಲೆ ಹಾಳುಬಿದ್ದು, ಸ್ವಯಂಸೇವಕರ ಹಠದಿಂದ 1990ರಲ್ಲಿ ಮತ್ತೆ ತೆರೆದ ಕಾಲುವೆ ಅದು. ದಂಡೆ ಸಮತಟ್ಟು, ಟಿಕೆಟ್ ಇಲ್ಲ. ಪೂರ್ವಕ್ಕೆ ನಡೆದರೆ ಥ್ಯಾಚಮ್ ಕಡೆಯ ಜೊಂಡುಬಯಲು, ಕೆರೆಗಳು. ಪಶ್ಚಿಮಕ್ಕೆ ಕಿಂಟ್‌ಬರಿ ಸುಮಾರು 6 ಮೈಲಿ. ಸುಸ್ತಾದವರು ಅಲ್ಲಿಂದ ರೈಲು ಹತ್ತಿ ವಾಪಸ್ ಬರಬಹುದು. ಅಪಾಯ ಒಂದೇ, ಲಾಕ್‌ಗಳು. ದೋಣಿ ಏರಿಳಿಸುವ ಆ ತೊಟ್ಟಿಗಳು ಆಳ, ಗೋಡೆ ಜಾರುತ್ತೆ, ನೀರು ಬೇಸಿಗೆಯಲ್ಲೂ ಕೊರೆಯುತ್ತೆ. ಈಜು ಬರುವ ಮಗುವೂ ಅಲ್ಲಿ ಸೋಲಬಹುದು. ಗಾಳ ಹಾಕುವ ಆಸೆ ಇದ್ದರೆ 13 ವರ್ಷ ಮೇಲ್ಪಟ್ಟವರಿಗೆ ರಾಡ್ ಲೈಸೆನ್ಸ್ ಬೇಕು, ಅದರ ಮೇಲೆ ಆ ನೀರಿನ ಹಕ್ಕು ಇರುವವರ ಅನುಮತಿಯೂ ಬೇಕು.

ಕ್ರಿಕೆಟ್ಟಿಗೆ ಬೈಸಿಕೊಂಡಿದ್ದು ಏಕೆ ಅಂತ ಊಹಿಸಬಲ್ಲೆ. ನುಣುಪಾದ ಹುಲ್ಲು ಅಂದಿರಲ್ಲ, ಅದು ಬಹುಶಃ ಬೌಲ್ಸ್ (ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ) ಆಡುವ ಅಂಕಣ. ಅದರ ಮೇಲೆ ಸ್ಪೈಕ್ ಇರಲಿ, ಸಾಮಾನ್ಯ ಶೂ ಹಾಕಿಕೊಂಡು ನಿಂತರೂ ಅವರ ಎದೆ ಒಡೆಯುತ್ತೆ. ಬೈದವರು ವರ್ಣಭೇದ ಮಾಡಿದರಾ ಅಂತ ನಿಮ್ಮ ಮನಸ್ಸಿಗೆ ಬಂದಿರಬಹುದು. ಕೆಲವೊಮ್ಮೆ ಅದೂ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಆ ಹುಲ್ಲಿನ ಮೇಲೆ ಯಾರ ಮಕ್ಕಳು ಆಡಿದ್ದರೂ ಬೈತಾ ಇದ್ದರು. ಟೆನಿಸ್ ಬಾಲ್ ಇಟ್ಟುಕೊಂಡು ಪಾರ್ಕಿನ ಸಾಮಾನ್ಯ ಹುಲ್ಲಿನಲ್ಲಿ, ಚಿಕ್ಕ ಮಕ್ಕಳಿಂದ ದೂರ ಆಡಲಿ. ಲೆದರ್ ಬಾಲ್ ಬೇಕಿದ್ದರೆ ಕ್ಲಬ್ಬಿಗೇ ಸೇರಿಸಿ. 5ರಿಂದ 8 ವರ್ಷದವರಿಗೆ ಆಲ್ ಸ್ಟಾರ್ಸ್, 8ರಿಂದ 11ರವರಿಗೆ ಡೈನಮೋಸ್ ಅಂತ ಇಲ್ಲಿನ ಕ್ರಿಕೆಟ್ ಮಂಡಳಿಯ ಬೇಸಿಗೆ ತರಬೇತಿಗಳಿವೆ. ದೊಡ್ಡವನಿಗೆ ವಯಸ್ಸು ದಾಟುವ ಹಾಗಿದ್ದರೆ ನೇರ ಕ್ಲಬ್ಬಿನ ಜೂನಿಯರ್ ತಂಡ. ನಿಮ್ಮೂರಲ್ಲೇ ಫಾಕ್‌ಲ್ಯಾಂಡ್ ಕ್ಲಬ್ ಇದೆ. ಕ್ಲಬ್ಬಿನ ಒಂದು ಲಾಭ ಮಕ್ಕಳಿಗಲ್ಲ, ನಿಮಗೆ. ಬೌಂಡರಿ ಹೊರಗೆ ಕುರ್ಚಿ ಹಾಕಿ ಕೂತ ಅಪ್ಪ-ಅಮ್ಮಂದಿರೇ ಇಲ್ಲಿ ಮೊದಲ ಪರಿಚಯಸ್ಥರಾಗುತ್ತಾರೆ. ಶನಿವಾರ ಬೆಳಿಗ್ಗೆ 9ಕ್ಕೆ ಗ್ರೀನಮ್ ಕಾಮನ್‌ನಲ್ಲೇ ನಡೆಯುವ ಪಾರ್ಕ್‌ರನ್ನೂ ಅಂಥದ್ದೇ. 5 ಕಿಲೋಮೀಟರ್, ಪೂರ್ತಿ ಉಚಿತ, ನಡೆದುಕೊಂಡು ಹೋದರೂ ನಡೆಯುತ್ತೆ.

ಅತ್ತೆಯ ಹೂವು. ಕಾಡುಹೂ, ಕಾಡುಹಣ್ಣು ಮನೆ ಬಳಕೆಗೆ ಕಿತ್ತರೆ 1968ರ ಕಾನೂನಿನ ಪ್ರಕಾರ ಕಳ್ಳತನವಲ್ಲ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬೇಲಿಯ ತುಂಬಾ ಬ್ಲ್ಯಾಕ್‌ಬೆರಿ, ಎಲ್ಲರೂ ಕೀಳುತ್ತಾರೆ, ನೀವೂ ಕೀಳಿ. ಬೇರು ಸಮೇತ ಗಿಡ ಕೀಳುವಂತಿಲ್ಲ. ಆದರೆ ಪಾರ್ಕಿನ ಪಾತಿಯಲ್ಲಿ ಕೌನ್ಸಿಲ್ ಬೆಳೆಸಿದ ಹೂ, ಪಕ್ಕದ ಮನೆಯವರ ಬೇಲಿಯ ಗುಲಾಬಿ ಕಾಡುಹೂವಲ್ಲ. ಬೆಳಗಿನ ಜಾವ ಪಕ್ಕದವರ ದಾಸವಾಳ ಕೊಯ್ಯೋದು ನಮ್ಮೂರಲ್ಲಿ ಪುಣ್ಯದ ಲೆಕ್ಕ. ಇಲ್ಲಿ ಅದೊಂದು ಬಿಡಿಸಿ. ಕುಂಡದಲ್ಲಿ ಸೇವಂತಿಗೆ, ಚೆಂಡುಹೂ ಚೆನ್ನಾಗಿ ಬರುತ್ತವೆ.

ಅಕ್ಟೋಬರ್ ಬಂದಮೇಲೆ ಇದೆಲ್ಲ ಕಷ್ಟವಾಗುತ್ತೆ. ಡಿಸೆಂಬರಿನಲ್ಲಿ ಸಂಜೆ 4ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೊಲದ ದಾರಿ ಮೊಣಕಾಲು ಕೆಸರು. ಆಗ ಕಾಲುವೆ ದಂಡೆ, ಊರೊಳಗಿನ ವಿಕ್ಟೋರಿಯಾ ಪಾರ್ಕ್, ನಾರ್ತ್‌ಕ್ರಾಫ್ಟ್ ಈಜುಕೊಳ ಇಷ್ಟಕ್ಕೇ ಇಳಿಯುತ್ತೀರಿ. ತಪ್ಪೇನಿಲ್ಲ. ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಹೊರಗೆ ಹೋಗಿ. ಹಾಗಂತ ಆ ಬಿಸಿಲು ವಿಟಮಿನ್ ಡಿ ಕೊಡುತ್ತೆ ಅಂದುಕೊಳ್ಳಬೇಡಿ, ಚಳಿಗಾಲದಲ್ಲಿ ಇಲ್ಲಿ ಅದಕ್ಕೆ ಶಕ್ತಿ ಸಾಲದು. ದಕ್ಷಿಣ ಏಷ್ಯಾದ ಮೈಬಣ್ಣದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಅಂತ ಆರೋಗ್ಯ ಇಲಾಖೆಯೇ ಹೇಳುತ್ತೆ.

ನೀವು ಕೇಳದ ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ಸಾಗರದ ಮಾವನಿಗೆ ನಡೆಯೋದಕ್ಕಿಂತ ಮಣ್ಣು ಕೆದಕೋದೇ ಹೆಚ್ಚು ಇಷ್ಟ ಆಗಬಹುದು. ಅಲಾಟ್‌ಮೆಂಟ್ ಅಂದರೆ ಬಾಡಿಗೆಗೆ ಸಿಗುವ ತರಕಾರಿ ತುಂಡುಭೂಮಿ. ನ್ಯೂಬರಿಯಲ್ಲಿ ಟೌನ್ ಕೌನ್ಸಿಲ್ ಇದನ್ನು ನೋಡಿಕೊಳ್ಳುತ್ತೆ. ಊರಿನ 6 ಜನ ಮತದಾರರು ಬರೆದು ಕೇಳಿದರೆ ಕೌನ್ಸಿಲ್ ಆ ಬೇಡಿಕೆಯನ್ನು ಪರಿಗಣಿಸಲೇಬೇಕು ಅಂತ 1908ರ ಕಾಯ್ದೆ ಇದೆ. ಇಲ್ಲಿ ವಾಸವಿರುವ ಭಾರತೀಯ ನಾಗರಿಕರು ಕಾಮನ್‌ವೆಲ್ತ್ ಲೆಕ್ಕದಲ್ಲಿ ಮತದಾರರ ಪಟ್ಟಿಗೆ ಸೇರಬಹುದು, ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪೂರ್ತಿ ಪ್ಲಾಟ್ ಸುಮಾರು 250 ಚದರ ಮೀಟರ್. ಕೆಲಸಕ್ಕೆ ಹೋಗುವ ಮನೆಗೆ ಅದು ಜಾಸ್ತಿಯಾಯಿತು, ಕಳೆ ಬೆಳೆದರೆ ನೋಟಿಸ್ ಬರುತ್ತೆ. ಅರ್ಧ ಪ್ಲಾಟ್ ಇದೆಯಾ ಅಂತ ಕೇಳಿ, ಕಾಯುವ ಪಟ್ಟಿಯಲ್ಲಿ ಈಗಲೇ ಹೆಸರು ಬರೆಸಿ. ಸಿಕ್ಕ ಮೇಲೆ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಹುರುಳಿಕಾಯಿ, ಬೆಳ್ಳುಳ್ಳಿ ಧೈರ್ಯವಾಗಿ ಹಾಕಬಹುದು. ಬದನೆ, ಬೆಂಡೆ ಗಾಜಿನ ಮನೆ ಇಲ್ಲದೆ ಕಷ್ಟ. ಹುರುಳಿಕಾಯಿಯನ್ನು ಮೇ ಮಧ್ಯದವರೆಗೆ ಹೊರಗೆ ನೆಡಬೇಡಿ, ಅಲ್ಲಿಯವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬರಬಹುದು.